ಹೊರವಸ್ತು

ಬೆಳಗಿನ ಐದೂವರೆಗೆ ಲಾರಿ ಬಂತು, ಮನಾಮಾದ ಅದ್ಲಿಯಾ ಹಿಂಗಲ್ಲಿಗೆ.
ಥರ್ಮೋಕೋಲ್ ಡಬ್ಬಿ ನಾಲ್ಕು. ಮುಚ್ಚಳದ ಮೇಲೆ
ನನಗೆ ಓದಲು ಬಾರದ ಲಿಪಿ,
ಅದರ ಕೆಳಗೆ, ಓದಲು ಬರುವ ತೂಕ.

ಜಾಂಡರ್.
ನಮ್ಮ ಮೆನುವಿನಲ್ಲಿ ಹನ್ನೊಂದು ದಿನಾರಿನ ಸಾಲು:
ಬೆಣ್ಣೆ, ಒಣನಿಂಬೆ, ಗರಿಗರಿ ಚರ್ಮ.
ಈ ದ್ವೀಪದಲ್ಲಿ ಹೊಳೆಯೆಂಬುದು ಒಂದೂ ಇಲ್ಲ,
ಹೊಳೆಮೀನಿಗೆ ಗಿರಾಕಿ ಮಾತ್ರ ತಪ್ಪಿಲ್ಲ.

ಐಸು ಸರಿಸಿದರೆ ಕಣ್ಣು.
ಸತ್ತ ಮೇಲೂ ಟ್ಯೂಬ್‌ಲೈಟನ್ನು ಹಿಡಿದು
ವಾಪಸು ನಮ್ಮ ಮುಖಕ್ಕೇ ಎಸೆಯುವ ಕಣ್ಣು.
ಬಾಯಿ ಬಿಡಿಸಿದರೆ ಮುಂದೆ ಕೋರೆ,
ಹಿಂದೆ ಗರಗಸದ ಹಾಗೆ ಸಣ್ಣ ಹಲ್ಲು.
ಕೊಲ್ಹಾರದ ದಂಡೆಯಲ್ಲಿ ಅಪ್ಪ ಹಿಡಿಯುತ್ತಿದ್ದ ಬಾಳೆಮೀನಿಗೆ
ಇದು ದೂರದ ಬೀಗನಿರಬೇಕು:
ಅದೇ ಸಿಟ್ಟು,
ಸಣ್ಣ ಮೀನಿನ ಲೆಕ್ಕ ಇಡದ ಅದೇ ಹೊಟ್ಟೆ.

"ಬಾಯಾಗ ಬಟ್ಟ ಇಡಬ್ಯಾಡಲೇ,
ಸತ್ತದ್ದು ಅದಕ್ಕಿನ್ನಾ ಗೊತ್ತಾಗಿರೂದಿಲ್ಲ."

ಇಟ್ಟೆ. ಏಳನೆಯ ಮೀನು. ಚುಚ್ಚಿತು.
ಹಲ್ಲಲ್ಲ.
ಗಂಟಲಂಚಿಗೆ ಸಿಕ್ಕ ಒಂದು ಗಾಳ,
ತುಕ್ಕು ಹಿಡಿದು ಕಂದು; ಸುತ್ತ ಮಾಂಸ ಬೆಳೆದು
ಬಂದವನನ್ನು ಮನೆಯವನನ್ನಾಗಿ ಮಾಡಿಕೊಂಡಿದೆ.
ಹಿಂಬದಿಗೆ ಗೇಣುದ್ದ ನೂಲು. ಕಡಿದದ್ದು.

ಅಂದರೆ ಒಂದು ಸಂಜೆ ಎಲ್ಲೋ ಯಾರೋ ಕಾದು ಕೂತಿದ್ದರು.
ನೂಲು ಬಿಗಿಯಿತು, ಕೋಲು ಬಾಗಿತು,
ಆಮೇಲೆ ಕೈ ಇದ್ದಕ್ಕಿದ್ದಂತೆ ಹಗುರಾಯಿತು.
ಮನೆಗೆ ಹೋಗಿ ಎರಡೂ ಅಂಗೈ ಅಗಲಿಸಿ
ಇಷ್ಟುದ್ದ ಇತ್ತು ಅಂದಿರಬೇಕು.
ವರ್ಷ ವರ್ಷವೂ ಅಂಗೈ ಇನ್ನಷ್ಟು ದೂರ ಸರಿದಿರಬೇಕು.

ಹಿಟ್ಟಿನ ಕೈಯಲ್ಲೇ ಓಡಿ ಬಂದಳು ಸೌಲೆ.
"ಸುದಾಕ್" ಅಂದಳು, ಸೋದರಮಾವನ ಹೆಸರು ಕರೆದ ಹಾಗೆ.
ಅವಳ ಊರಿನ ಬಲ್ಖಾಶ್ ಸರೋವರ
ಅರ್ಧ ಸಿಹಿಯಂತೆ, ಅರ್ಧ ಉಪ್ಪಂತೆ, ನಡುವೆ ಗೋಡೆಯಿಲ್ಲವಂತೆ.
ಚಳಿಗಾಲ ನೀರು ಕಲ್ಲಾದಾಗ ಅವಳಜ್ಜ
ಹಿಮಕ್ಕೆ ತೂತು ಕೊರೆದು, ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದನಂತೆ.
ಗಾಳದ ಗಂಟನ್ನು ಬೆಳಕಿಗೆ ಹಿಡಿದು
ತುಂಬ ಹೊತ್ತು ನೋಡಿದಳು.
"ಅಲ್ಲ," ಅಂದಳು. "ಅಜ್ಜ ಎಡಚ."
ಹೋಗಿ ಮತ್ತೆ ಹಿಟ್ಟು ನಾದತೊಡಗಿದಳು.

ರಸೀದಿಗೆ ಸಹಿ ಕಾಯುತ್ತ ನಿಂತಿದ್ದ
ಲಾರಿಯ ಮುದುಕ ಬೂ ರಾಶಿದ್ ನಕ್ಕ.
ಮುತ್ತು ತೆಗೆಯುವ ಕಾಲಕ್ಕೆ ಅವನ ತಾತ
ಚರ್ಮದ ಚೀಲ ಹಿಡಿದು ಕಡಲಿನ ತಳಕ್ಕೆ ಮುಳುಗುತ್ತಿದ್ದನಂತೆ;
ಅಲ್ಲಿ ಉಪ್ಪಿನಡಿ ಬುಗ್ಗೆ, ಬುಗ್ಗೆಯಲ್ಲಿ ಸಿಹಿನೀರು.
ಬಾಯಿ ಕಟ್ಟಿ ಮೇಲೆ ತಂದರೆ ದೋಣಿಗೆಲ್ಲ ಕುಡಿಯಲು.
"ಈಗ?" ಅಂದೆ.
ಗೋಡೆಯ ನಲ್ಲಿಯತ್ತ ಗದ್ದ ಎತ್ತಿ ತೋರಿಸಿ ಹೊರಟ.

ಶೆಫ್ ಬಂದು ಗ್ಲೌಸ್ ಬದಲಿಸು ಅಂದ.
ರಿಜಿಸ್ಟರಿನಲ್ಲಿ ಬರೆಯಬೇಕು, ಅದು ನಿಯಮ.
ಸರಕು: ಮೀನು.
ಹೊರವಸ್ತು: ಒಂದು.
ಎಲ್ಲಿಯದು: ತಿಳಿಯದು.
ಕ್ರಮ:
ಇಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಎಸೆಯಲಾಗಿದೆ, ಅಂತ ಬರೆದೆ.

ಏಳನೆಯ ಮೀನು ರಾತ್ರಿ ಹತ್ತೊಂಬತ್ತನೇ ಟೇಬಲ್ಲಿಗೆ ಹೋಯಿತು.
ಚರ್ಮ ಕೆಳಗೆ ಮಾಡಿ, ಮೇಲೆ ಭಾರ ಇಟ್ಟು,
ಸದ್ದು ಸಣ್ಣಗಾಗುವ ತನಕ ಮುಟ್ಟಲಿಲ್ಲ.
ತಟ್ಟೆ ವಾಪಸು ಬಂದಾಗ ನಿಂಬೆಯ ಬೀಜವಷ್ಟೇ ಇತ್ತು.

ಗುದೈಬಿಯಾದ ಕೋಣೆ. ಮೇಲಿನ ಮಂಚದವನ ಗೊರಕೆ.
ಮೊಬೈಲಿನ ಬೆಳಕಲ್ಲಿ ಆ ಹಳೆಯ ಗಂಟು ಬಿಚ್ಚಿ
ಅಪ್ಪನ ಗಂಟು ಹಾಕಲು ನೋಡಿದೆ:
ಎರಡು ಸುತ್ತು, ಒಳಗಿಂದ ತೂರಿಸಿ, ಎಂಜಲು ಹಚ್ಚಿ ಎಳೆ.
ಎರಡು ಸಲ ಜಾರಿತು.
ಮೂರನೆಯ ಸಲಕ್ಕೆ ಗಂಟು ನಿಂತಿತು,
ಮುಳ್ಳು ಬೆಳಗಿನ ಜಾಗಕ್ಕೇ ಮತ್ತೆ ಚುಚ್ಚಿತು.

ಬಟ್ಟು ಬಾಯಿಗಿಟ್ಟುಕೊಂಡೆ.
ಉಪ್ಪು.